ನಡೆದಷ್ಟೂ ಏರಿದ ಮುಳ್ಳು

ಮುಂಬಯಿಯ ಲೋಕಲ್ ಸ್ಟೇಷನ್ನುಗಳಲ್ಲಿ ಹಿಂದೆ ತೂಕದ ಯಂತ್ರಗಳಿದ್ದವು. ಮೈತುಂಬ ಮಿಣಮಿಣ ಬಲ್ಬು, ಗಾಜಿನ ಹಿಂದೆ ಗಿರಗಿರನೆ ತಿರುಗುವ ಬಣ್ಣದ ಚಕ್ರ. ಮೇಲೆ ಹತ್ತಿ ನಿಂತು, ಚಕ್ರ ನಿಂತ ಮೇಲೆ ನಾಣ್ಯ ಹಾಕಿದರೆ ಟಕ್ಕೆಂದು ರಟ್ಟಿನ ಚೀಟಿಯೊಂದು ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ಡೊಂಬಿವಲಿಯಿಂದ ಬೋರಿಬಂದರಿಗೆ 33 ವರ್ಷ ಓಡಾಡಿದ ನಾನು ಗಾಡಿ ತಡವಾದಾಗಲೆಲ್ಲ ಅದರ ಮೇಲೆ ಹತ್ತಿದ್ದೇನೆ. ಭವಿಷ್ಯ ಒಂದೊಂದು ಸಲ ಒಂದೊಂದು: ಧನಲಾಭ, ದೂರ ಪ್ರಯಾಣ, ಶತ್ರುನಾಶ. ತೂಕ ಮಾತ್ರ 71, ಹೆಚ್ಚೆಂದರೆ 72. ಧನಲಾಭ ಹೇಗೂ ಸುಳ್ಳಾಗುತ್ತಿತ್ತು. ತೂಕ ಹಾಗೇ ನಿಂತಿರುವುದನ್ನು ಮಾತ್ರ ನಾನು ನನ್ನ ಹುಟ್ಟುಗುಣ ಎಂದುಕೊಂಡಿದ್ದೆ.

ಆ ವರ್ಷಗಳಲ್ಲಿ ವ್ಯಾಯಾಮ ಎಂಬ ಹೆಸರಿನದು ಏನನ್ನೂ ನಾನು ಮಾಡಿದವನಲ್ಲ. ವ್ಯಾಯಾಮ ಶುರುವಾದದ್ದು ನಿವೃತ್ತಿಯ ಮೇಲೆ. ತೂಕ ಏರಲು ಶುರುವಾದದ್ದೂ ಆವಾಗಲೇ.

ನಿವೃತ್ತನಾದ ಮರುವಾರವೇ ಮನೆಗೆ ಬೂಟು ಬಂತು. ಬೆಳಗ್ಗೆ 6ಕ್ಕೆ ಭಾಗಶಾಳಾ ಮೈದಾನ, 45 ನಿಮಿಷ ಬಿರುಸು ನಡಿಗೆ, ಕೊನೆಗೆ ಹತ್ತು ನಿಮಿಷ ಕೈಕಾಲು ಬೀಸುವುದು. ಮಳೆಗಾಲದಲ್ಲೂ ಕೊಡೆ ಹಿಡಿದು ಹೋದೆ. ಐದು ತಿಂಗಳಲ್ಲಿ ತಪ್ಪಿದ್ದು ಒಂಬತ್ತೇ ದಿನ. ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮನೆಯಲ್ಲೊಂದು ಮುಳ್ಳಿನ ತೂಕದ ಯಂತ್ರವಿದೆ. ಅದರ ಮುಳ್ಳು ಮೊದಲ ತಿಂಗಳ ಕೊನೆಗೆ 73 ದಾಟಿತು, ಮೂರನೆಯದಕ್ಕೆ 75ರ ಹತ್ತಿರ ಬಂತು, ಐದನೆಯದಕ್ಕೆ 76ರ ಮೇಲೆ ಬಂದು ಕೂತಿತು.

ಇಂಥ ಹೊತ್ತಿನಲ್ಲಿ ಮನುಷ್ಯ ಮೊದಲು ಅನುಮಾನಿಸುವುದು ತಕ್ಕಡಿಯನ್ನು. ನಾನೂ ಅದನ್ನು ಒಂದು ಟೈಲ್ಸಿನಿಂದ ಇನ್ನೊಂದಕ್ಕೆ ಎಳೆದೆ, ಅಡುಗೆಮನೆಯಲ್ಲಿ ನೋಡಿದೆ, ಬಚ್ಚಲ ಬಾಗಿಲಲ್ಲಿ ನೋಡಿದೆ, ಐದು ಕಿಲೊ ಅಕ್ಕಿಯ ಚೀಲವಿಟ್ಟು ಪರೀಕ್ಷೆ ಮಾಡಿದೆ. ಅಕ್ಕಿ ಸರಿಯಾಗಿ ಐದೇ ಕಿಲೊ ಇತ್ತು. ಆಮೇಲೆ ವಯಸ್ಸನ್ನು ದೂರಿದೆ, ನಮ್ಮ ವಂಶವನ್ನು ದೂರಿದೆ, ಡೊಂಬಿವಲಿಯ ಹವೆಯನ್ನೂ ಬಿಡಲಿಲ್ಲ.

ಕಲ್ಯಾಣದಲ್ಲಿ ನನ್ನ ಅಕ್ಕನ ಮಗನಿದ್ದಾನೆ. ಇಪ್ಪತ್ತಾರರ ಹುಡುಗ, ಬಿದಿರುಕಡ್ಡಿ. ಅವನೂ ಹೆಚ್ಚುಕಡಿಮೆ ಅದೇ ಸಮಯಕ್ಕೆ ಜಿಮ್ಮಿಗೆ ಸೇರಿದ್ದ. ಐದು ತಿಂಗಳಲ್ಲಿ ಅವನೂ ನಾಲ್ಕು ಕಿಲೊ ಏರಿದ್ದ. ಆ ಸಂತೋಷಕ್ಕೆ ಅವನು ಪೇಡೆ ಹಂಚಿದ. ಅದೇ ನಾಲ್ಕು ಕಿಲೊಗೆ ಅವನ ಮನೆಯಲ್ಲಿ ಪೇಡೆ, ನನ್ನ ಮನೆಯಲ್ಲಿ ಸೂತಕ. ನನ್ನ ಮುಖ ನೋಡಿ ಅವನು ಸಮಾಧಾನ ಹೇಳಿದ: "ಮಾವ, ಮೊದಲ ತಿಂಗಳದ್ದಕ್ಕೆ ಹೆದರಬೇಡಿ, ಅದು ನೀರು."

ಅವನು ಹೇಳಿದ್ದು ನಿಜ. ಅಭ್ಯಾಸವಿಲ್ಲದ ಮೈಗೆ ದಿಢೀರನೆ ಕೆಲಸ ಕೊಟ್ಟಾಗ ಸ್ನಾಯುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಗಾಯಗಳಾಗುತ್ತವೆ, ಅವನ್ನು ಸರಿಪಡಿಸಲು ಅಲ್ಲಿ ನೀರು ಸೇರುತ್ತದೆ. ದಿನಾ ದುಡಿಯಬೇಕಾಗಿದೆ ಎಂದು ಅರ್ಥವಾದ ಸ್ನಾಯು ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನೂ ಹೆಚ್ಚಿಸಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ದ್ರವಾಂಶವೂ ತುಸು ಹೆಚ್ಚುತ್ತದೆ. ಹೀಗೆ ಮೊದಲ ವಾರಗಳಲ್ಲಿ ಒಂದೆರಡು ಕಿಲೊ ಏರಿದರೆ ಅದು ಮೈ ಕೆಲಸಕ್ಕೆ ಸಜ್ಜಾಗುತ್ತಿರುವ ಗುರುತು. ಎಷ್ಟೋ ಜನ ಇದೇ ವಾರಗಳಲ್ಲಿ ಬೂಟನ್ನು ಮಂಚದ ಕೆಳಗೆ ತಳ್ಳುತ್ತಾರೆ ಎಂಬುದೇ ದುಃಖ. ಆದರೆ ಐದನೇ ತಿಂಗಳಲ್ಲಿ ನೀರನ್ನು ದೂರುವಂತಿರಲಿಲ್ಲ. ಭಾರ ಎತ್ತುವ ಹುಡುಗನ ಹಾಗೆ ಸ್ನಾಯು ಬೆಳೆದಿದೆ ಎನ್ನೋಣವೆಂದರೆ ನನ್ನ ಬೆಲ್ಟು ಬೇರೆಯೇ ಸಾಕ್ಷಿ ಹೇಳುತ್ತಿತ್ತು, ಒಂದು ತೂತು ಹೊರಗೆ ಸರಿದಿತ್ತು.

ಡಾಕ್ಟರ ಹತ್ತಿರ ಹೋದೆ. ನಮ್ಮ ರಸ್ತೆಯ ತುದಿಯಲ್ಲೇ ದವಾಖಾನೆ, ಮಗಳ ವಯಸ್ಸಿನ ಮರಾಠಿ ಹೆಣ್ಣುಮಗಳು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಏನೇನು ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಸ್ಟೀರಾಯ್ಡ್, ಮನಸ್ಸಿನ ಕಾಯಿಲೆಯ ಕೆಲವು ಔಷಧಗಳು ತೂಕ ಏರಿಸುತ್ತವಂತೆ. ಕಾಲಿನಲ್ಲಿ ಬಾವು ಇದೆಯೇ ಎಂದು ಒತ್ತಿ ನೋಡಿದರು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ವಿಚಾರಿಸಿದರು. ಎಲ್ಲ ನೆಟ್ಟಗಿತ್ತು. ಕೊನೆಗೆ ನನ್ನ ಡೈರಿ ತಿರುವಿ ನೋಡಿ, ನಗದೇ ಕೇಳಿದರು: "ಕಾಕಾ, ಬಾಕೀಚೆ ತೇವೀಸ್ ತಾಸ್ ಕಾಯ್ ಕರ್ತಾ?" ಉಳಿದ 23 ಗಂಟೆ ಏನು ಮಾಡುತ್ತೀರಿ?

ನನಗೆ ಅವಮಾನವಾಯಿತು. ವ್ಯಾಯಾಮ ಮಾಡುವವನನ್ನು ಕೇಳುವ ಪ್ರಶ್ನೆಯೇ ಅದು? ಮಾಡದವರನ್ನು ಕೇಳಬೇಕು. ಮನೆಗೆ ಬರುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿತ್ತು. ಉಳಿದರ್ಧದಲ್ಲಿ ಕೂತು ಲೆಕ್ಕ ಬರೆದೆ.

ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ನಾಲ್ಕು ಕಿಲೊಗೆ 30 ಸಾವಿರದ ಮೇಲೆ. ಅದನ್ನು 150 ದಿನಕ್ಕೆ ಹಂಚಿದರೆ ದಿನಕ್ಕೆ 200 ಕ್ಯಾಲೊರಿ ಎಲ್ಲಿಂದಲೋ ಬಂದು ಜಮೆಯಾಗಿರಬೇಕು. ಒಂದಿಷ್ಟು ನೀರಿನ ಪಾಲು ಕಳೆದರೆ ಇನ್ನೂ ಕಡಿಮೆ. ಬ್ಯಾಂಕಿನಲ್ಲಿ ಇಂಥ ವ್ಯತ್ಯಾಸ ಬಂದರೆ ರಾತ್ರಿ ಹತ್ತಾದರೂ ಮನೆಗೆ ಬಿಡುತ್ತಿರಲಿಲ್ಲ.

ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಕಡೆ ಊರೂರಿಗೆ ಅಶ್ವತ್ಥಕಟ್ಟೆ ಇದ್ದಂತೆ ಇಲ್ಲಿ ಮೈದಾನ, ಉದ್ಯಾನಗಳಲ್ಲಿ ಹಿರಿಯರ 'ಕಟ್ಟಾ' ಇರುತ್ತದೆ. ಮರಾಠಿಯ ಕಟ್ಟಾ ನಮ್ಮ ಕಟ್ಟೆಯ ತಮ್ಮನೋ ಅಣ್ಣನೋ, ಭಾಷಾಶಾಸ್ತ್ರಜ್ಞರು ಹೇಳಲಿ. ಕೂತು ಹರಟುವುದರಲ್ಲಂತೂ ಇಬ್ಬರೂ ಒಂದೇ ತಾಯಿಯ ಮಕ್ಕಳು. ನಡಿಗೆ ಮುಗಿದ ಮೇಲೆ ನಮ್ಮ ಕಟ್ಟಾಕ್ಕೆ ಚಹಾ ಬರುತ್ತಿತ್ತು, ಸಕ್ಕರೆ ಸಹಿತ. ಯಾರದೋ ಹುಟ್ಟುಹಬ್ಬ, ಯಾರದೋ ಮೊಮ್ಮಗನಿಗೆ ವೀಸಾ, ಯಾರದೋ ಸೊಸೆಗೆ ಬಡ್ತಿ, ವಾರಕ್ಕೆ ಮೂರು ದಿನ ಏನಾದರೊಂದು ಇದ್ದೇ ಇರುತ್ತಿತ್ತು. ಅದಕ್ಕೆ ವಡಾಪಾವ್. 45 ನಿಮಿಷದ ನನ್ನ ನಡಿಗೆ ಸುಟ್ಟದ್ದು ಹೆಚ್ಚೆಂದರೆ 150 ಕ್ಯಾಲೊರಿ. ಒಂದು ವಡಾಪಾವ್ ಅದರ ಇಮ್ಮಡಿ. ಠಾಣೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯದು ಇನ್ನೂ ಚೆಂದ. ಬೆಳಗ್ಗೆ ತಲಾವ್ ಪಾಳಿಗೆ ನಾಲ್ಕು ಸುತ್ತು, ನಂತರ ನೆಟ್ಟಗೆ ಮಿಸಳ್. "ಮಾರಾಯ್ರೆ, ಅದು ಖಾರ. ಖಾರ ಕೊಬ್ಬು ಕರಗಿಸುತ್ತದೆ" ಎಂದು ನನಗೇ ಪಾಠ ಹೇಳುತ್ತಾರೆ. ಮೇಲೆ ತೇಲುವ ಎಣ್ಣೆಯನ್ನು, ಮಿಸಳ್‌ಗೆ ನೆಂಚಿಕೊಳ್ಳುವ ಎರಡು ಪಾವನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಅಧ್ಯಾಯ. ನೆನೆಹಾಕಿದ ಬಾದಾಮಿ, ಮೊಳಕೆ ಹೆಸರುಕಾಳಿನ ಉಸಳಿ, ಬಾಳೆಹಣ್ಣು, ಒಂದು ಚಮಚ ಜೇನು. ಇವೆಲ್ಲ ಆರೋಗ್ಯದ ಪದಾರ್ಥಗಳು, ನಿಜ. ಆದರೆ ಮೊದಲಿದ್ದ ತಿಂಡಿಯ ಬದಲಿಗೆ ಇವು ಬರಲಿಲ್ಲ, ತಿಂಡಿಯ ಮುಂಚೆ ಬಂದವು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ನಾನು ಅಕ್ಷರಶಃ ಪಾಲಿಸುತ್ತಿದ್ದೆ, ಮಾಡಿದ್ದನ್ನೆಲ್ಲ ಅಂದಂದೇ ಉಣ್ಣುತ್ತಿದ್ದೆ.

ಇಟಲಿಯ ಪಡುವಾದಲ್ಲಿ ಸಾಂಟೋರಿಯೊ ಎಂಬ ವೈದ್ಯನಿದ್ದ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಸುಮಾರು 30 ವರ್ಷ ತನ್ನನ್ನು ತಾನು ತೂಗಿಕೊಂಡವನು. ಉಂಡದ್ದು, ಕುಡಿದದ್ದು, ಹೊರಹೋದದ್ದು, ಎಲ್ಲವನ್ನೂ ತೂಗಿದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ. ಉಸಿರಿನಲ್ಲಿ, ಚರ್ಮದಲ್ಲಿ ಕಾಣದಂತೆ ಕಳೆದುಹೋಗುವ ಪಾಲೊಂದಿದೆ ಎಂದು 1614ರಲ್ಲಿ ಪುಸ್ತಕ ಬರೆದ. ಕಾಣದೆ ಹೋಗುವುದನ್ನು ಅವನು 30 ವರ್ಷ ಹುಡುಕಿದ. ನಾನೋ, ಕಾಣದೆ ಬರುವುದನ್ನು, ಡಬ್ಬದಿಂದ ಹೋಗುತ್ತ ಬರುತ್ತ ಬಾಯಿಗೆಸೆದುಕೊಂಡ ಶೇಂಗಾ, ಮಿಕ್ಕರೆ ಹಾಳಾಗುತ್ತದೆಂದು ಬಳಿದ ಪಾತ್ರೆಯ ತಳ, ಐದು ತಿಂಗಳಲ್ಲಿ ಒಂದು ದಿನವೂ ತೂಗಲಿಲ್ಲ.

ತಿಂದ ಲೆಕ್ಕ ಇಷ್ಟಾಯಿತು. ಆದರೆ ಡಾಕ್ಟರು ಕೇಳಿದ್ದು ಅದನ್ನಲ್ಲ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೊಮೀಟರ್ ಓಡಿದ ರೈಲು ಜನರ ಕಾಲಿಗೆ ಬಿಡುವು ಕೊಡಲೆಂದು ಬಂದದ್ದು. ನಮ್ಮ ಕಾಲಕ್ಕೆ ಆ ದಾರಿ ಕಲ್ಯಾಣ ದಾಟಿ ಎಲ್ಲೆಲ್ಲಿಗೋ ಬೆಳೆದು, ರೈಲು ಕಾಲಿಗೆ ಕೆಲಸ ಕೊಡುವ ವ್ಯವಸ್ಥೆಯಾಗಿ ಮಾರ್ಪಟ್ಟಿತು. ಮನೆಯಿಂದ ಸ್ಟೇಷನ್ನಿಗೆ ಹದಿನೈದು ನಿಮಿಷ, ಸೇತುವೆ ಹತ್ತಿ ಇಳಿಯುವುದು, ಫಾಸ್ಟ್ ಗಾಡಿಯಲ್ಲಿ ಒಂದು ಗಂಟೆ ಮಿಕ್ಕಿ ಒಂಟಿಕಾಲಲ್ಲಿ ನಿಲ್ಲುವುದು, ಬೋರಿಬಂದರಿನಿಂದ ಫೋರ್ಟಿನ ಬ್ಯಾಂಕಿಗೆ ಹನ್ನೆರಡು ನಿಮಿಷ. ಸಂಜೆ ಇದೇ ಹಿಮ್ಮುಖವಾಗಿ. ದಿನಕ್ಕೆ 54 ನಿಮಿಷ ನಡಿಗೆ, ಅದೂ ಗಾಡಿ ತಪ್ಪೀತೆಂಬ ಅವಸರದ ನಡಿಗೆ, ಎರಡು ಗಂಟೆಗೂ ಹೆಚ್ಚು ನಿಲ್ಲುವುದು, ಎಷ್ಟೋ ಮೆಟ್ಟಿಲು. ಅದನ್ನು ನಾನು ಶಾಪ ಎನ್ನುತ್ತಿದ್ದೆ. ನಿವೃತ್ತನಾಗಿ ಆ ಶಾಪ ವಿಮೋಚನೆಯಾಯಿತು. ಅದರ ಜಾಗಕ್ಕೆ 45 ನಿಮಿಷದ 'ವ್ಯಾಯಾಮ' ಬಂತು. ಕೂಡಿ ಕಳೆದರೆ ನಾನು ಮೊದಲಿಗಿಂತ ಕಡಿಮೆ ಕದಲುತ್ತಿದ್ದೆ, ಹೆಚ್ಚು ಹೆಮ್ಮೆಪಡುತ್ತಿದ್ದೆ.

ಆ ಮೊದಲ ರೈಲಿನ ಸರಿಯಾಗಿ ನೂರು ವರ್ಷಕ್ಕೆ, 1953ರಲ್ಲಿ, ಜೆರ್ರಿ ಮಾರಿಸ್ ಎಂಬ ಲಂಡನ್ನಿನ ವೈದ್ಯ ಅಲ್ಲಿನ ಎರಡಂತಸ್ತಿನ ಬಸ್ಸುಗಳ ನೌಕರರ ಬಗ್ಗೆ ಬರೆದ. ಒಂದೇ ಬಸ್ಸು, ಒಂದೇ ಬಗೆಯ ಮನೆಗಳಿಂದ ಬಂದ ಇಬ್ಬರು. ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ಮುಂದೆ ಅವರ ಸಮವಸ್ತ್ರದ ಅಳತೆಗಳನ್ನೂ ತೆಗೆಸಿ ನೋಡಿದರು, ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದು. ಕಂಡಕ್ಟರುಗಳಲ್ಲಿ ಯಾರೂ ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತಿದವರಲ್ಲ. ಟಿಕೆಟು ಕೊಡಲು ಹತ್ತಿದರು.

ನಮ್ಮ ದೇಶದ್ದೇ ಇನ್ನೊಂದು ಅಧ್ಯಯನವಿದೆ. ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯನ್ನು ಪರೀಕ್ಷಿಸಿ 1956ರಲ್ಲಿ ಪ್ರಕಟಿಸಿದ್ದು. ಹೊರೆ ಹೊರುವ ಕೂಲಿಗಳು ಹೆಚ್ಚು ತಿನ್ನುತ್ತಿದ್ದರು, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವಿದ್ದದ್ದು ಅಂಗಡಿಯಿಟ್ಟುಕೊಂಡು ದಿನವಿಡೀ ಕೂತವರಲ್ಲಿ. ಅವರು ಸ್ವಲ್ಪ ಓಡಾಡುವವರಿಗಿಂತ ಹೆಚ್ಚು, ಹೆಚ್ಚುಕಡಿಮೆ ಕೂಲಿಗಳಷ್ಟೇ, ತಿನ್ನುತ್ತಿದ್ದರು. ತೂಕವೂ ಅವರದೇ ಹೆಚ್ಚು. ಮೈ ತೀರ ಕದಲದಿದ್ದರೆ ಹಸಿವಿಗೆ ಎಲ್ಲಿ ನಿಲ್ಲಬೇಕೆಂಬುದೇ ಮರೆತುಹೋಗುತ್ತದೆ ಎಂದಾಯಿತು. ಟಾಂಜಾನಿಯದ ಹಾಡ್ಜಾ ಬೇಡರು ದಿನವಿಡೀ ನಡೆದರೂ, ಮೈಗಾತ್ರಕ್ಕೆ ಹೋಲಿಸಿ ನೋಡಿದರೆ, ಅಮೆರಿಕದ ಪೇಟೆಯವರಷ್ಟೇ ಶಕ್ತಿ ಖರ್ಚು ಮಾಡುತ್ತಾರೆಂದು ಹರ್ಮನ್ ಪಾಂಟ್ಜರ್ 2012ರಲ್ಲಿ ತೋರಿಸಿದ್ದಾನೆ. ಒಂದು ಕಡೆ ಹೆಚ್ಚು ಖರ್ಚಾದರೆ ಮೈ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದಂತೆ, ಜಾಣ ಗೃಹಿಣಿಯ ಹಾಗೆ. ನಡಿಗೆಯೊಂದರಿಂದಲೇ ತೂಕ ಇಳಿಸುತ್ತೇವೆ ಎನ್ನುವವರು ಆ ಗೃಹಿಣಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಾಗೆಂದು ನಡಿಗೆ ವ್ಯರ್ಥ ಎಂದು ಯಾರೂ ಓದಿಕೊಳ್ಳಬಾರದು. ನನ್ನ ರಕ್ತದೊತ್ತಡ ಆ ಐದು ತಿಂಗಳಲ್ಲಿ ಇಳಿದಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ತೂಕ ಇಳಿಯದಿದ್ದರೂ ನಡೆಯುವವರ ಹೊಟ್ಟೆಯೊಳಗಿನ ಕೆಟ್ಟ ಕೊಬ್ಬು ಕರಗುವುದುಂಟು. ನಾನು ಹೇಳುತ್ತಿರುವುದು ನಡಿಗೆಯ ಮೇಲಿನ ದೂರಲ್ಲ, ನಡೆದವನ ಮೇಲಿನದು.

ಆಷಾಢ ಏಕಾದಶಿಯ ದಿನ ಡೊಂಬಿವಲಿಯಲ್ಲಿ ಯಾರ ಮನೆಗೆ ಹೋದರೂ ಸಾಬುದಾಣೆ ಖಿಚಡಿ, ಶೇಂಗಾ ಆಮಟಿ, ರಾಜಗಿರಿ ಪೂರಿ, ಗೆಣಸಿನ ಸಿಹಿ. ಎಲ್ಲವೂ ಉಪವಾಸದ ಪದಾರ್ಥಗಳೇ. ಮರಾಠಿಗರೇ ತಮ್ಮನ್ನು ತಾವು ನಗೆಯಾಡಿಕೊಂಡು ಒಂದು ಗಾದೆ ಕಟ್ಟಿದ್ದಾರೆ: ಏಕಾದಶೀ ಆಣಿ ದುಪ್ಪಟ್ ಖಾಶೀ. ಏಕಾದಶಿ, ಅದಕ್ಕೆ ಎರಡರಷ್ಟು ಊಟ. ನಮ್ಮವರೇನು ಕಮ್ಮಿ? ನನ್ನ ಅಮ್ಮ ಏಕಾದಶಿಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಅಪ್ಪನೂ ಮುಟ್ಟುತ್ತಿರಲಿಲ್ಲ, ಆದರೆ ದ್ವಾದಶಿಯ ಪಾರಣೆಗೆ ಬೆಳಗಿನ ಜಾವಕ್ಕೇ ಎಲೆ ಹಾಕಿ ಕೂತರೆ ಹಿಂದಿನ ದಿನದ್ದನ್ನೂ ಸೇರಿಸಿಯೇ ಏಳುತ್ತಿದ್ದರು. ಆ ಎಲೆಗೆ ಬಡಿಸಲು, ನಿರಾಹಾರದಲ್ಲೇ, ಅಮ್ಮ ಮೂರು ಗಂಟೆಗೆ ಎದ್ದಿರುತ್ತಿದ್ದರು. ಇದನ್ನು ಆಗ ಗಮನಿಸಲಿಲ್ಲ. ಈಗ ಬರೆಯುವಾಗ ಕೈ ತಡೆಯುತ್ತದೆ.

ಉಪವಾಸ ಮಾಡಿದವನಿಗೆ ತಿನ್ನುವ ಹಕ್ಕು ಬಂದುಬಿಡುತ್ತದೆ, ದಾನ ಮಾಡಿದವನಿಗೆ ಗದರುವ ಹಕ್ಕು, ಬೆಳಗ್ಗೆ ಪೂಜೆ ಮಾಡಿದವನಿಗೆ ಮಧ್ಯಾಹ್ನ ಒಂದು ಸುಳ್ಳು ಹೇಳುವ ಹಕ್ಕು. ಒಳ್ಳೆಯದೊಂದನ್ನು ಮಾಡಿದ ತಕ್ಷಣ ನಾವು ಅದನ್ನು ಕೂಲಿ ಎಂದು ಬಗೆದು ಪೇಟೆಗೆ ಹೊರಡುತ್ತೇವೆ. 'ಮಾಡಿದೆ' ಎಂಬ ಭಾವವನ್ನೇ ಬಸವಣ್ಣನವರು ಅಷ್ಟು ಅನುಮಾನದಿಂದ ನೋಡಿದ್ದು ಸುಮ್ಮನೆ ಅಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ವಡಾಪಾವ್ ತಿಂದದ್ದು ಹಸಿವಿನಿಂದಲ್ಲ. ನಡೆದವನೆಂಬ ಅಧಿಕಾರದಿಂದ ತಿಂದೆ. ನಡೆಯದಿದ್ದ ಆ ಒಂಬತ್ತು ದಿನಗಳಲ್ಲಿ ನಾನು ಹಿಡಿತದಲ್ಲಿದ್ದೆ ಎಂಬುದಕ್ಕೂ ನನ್ನ ಡೈರಿಯೇ ಸಾಕ್ಷಿ.

ತೂಕದ ವಿಷಯದಲ್ಲಿ ನಮ್ಮ ಮುಂಬಯಿ ಕನ್ನಡಿಗರ ಮನಸ್ಸು ಇನ್ನೂ ಒಂದು ಗೊಂದಲದಲ್ಲಿದೆ. ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು ಊರಿಂದ ಬಂದದ್ದು ಹಸಿದ ಹೊಟ್ಟೆಯಲ್ಲಿ. ವರ್ಷದ ಮೇಲೆ ರಜೆಗೆ ಊರಿಗೆ ಹೋದರೆ "ಮೈಕೈ ತುಂಬಿಕೊಂಡಿದ್ದೀ, ಮುಂಬಯಿ ನೀರು ಹಿಡಿಸಿದೆ" ಎಂದು ಹಿರಿಯರು ಸಂತೋಷಪಡುತ್ತಿದ್ದರು. ಕೆನ್ನೆಯ ಮೇಲಿನ ಮಾಂಸ ಆಗ ಮನಿಯಾರ್ಡರಿನಷ್ಟೇ ದೊಡ್ಡ ಸಾಕ್ಷಿ. ಉಡುಪಿಯ ತುಲಾಭಾರದಲ್ಲಿ ಭಾರವಾದವನು ಹೆಚ್ಚು ಬೆಲ್ಲ ಕೊಡುತ್ತಾನೆ, ಅವನ ತೂಕಕ್ಕೆ ಅಲ್ಲೊಂದು ಗೌರವವಿತ್ತು. ಒಂದೇ ತಲೆಮಾರಿನಲ್ಲಿ ಆ ಗೌರವ ತಲೆಕೆಳಗಾಯಿತು. ಈಗ ಅದೇ ಮಾತನ್ನು ಊರಲ್ಲಿ ಯಾರಾದರೂ ಹೇಳಿದರೆ ಮುಖ ಸಿಂಡರಿಸಿಕೊಂಡು ಬರುತ್ತೇವೆ.

ಆ ಹಸಿವು ಮರೆತೆವೆಂದರೂ ಮೈ ಮರೆತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಅವರ ಬ್ರಿಟಿಷ್ ಸ್ನೇಹಿತ ಡಾ. ಜಾನ್ ಯುಡ್ಕಿನ್. ಇಬ್ಬರದೂ ಎತ್ತರ-ತೂಕದ ಅನುಪಾತ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮವರ ಮೈಕಟ್ಟೇ ಹಾಗೆ, ಅದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ ಎನ್ನುತ್ತಾರೆ ಅವರು. ಅದಕ್ಕೇ ಭಾರತೀಯರಿಗೆ ಆ ಅನುಪಾತ 23 ದಾಟಿದರೆ ಎಚ್ಚರಿಕೆ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಟೈಲರಿನ ಟೇಪು ನನ್ನ ಮುಳ್ಳಿನ ಯಂತ್ರಕ್ಕಿಂತ ಪ್ರಾಮಾಣಿಕ. ರಾತ್ರಿಯ ಉಪ್ಪಿನಕಾಯಿಗೆಲ್ಲ ಅದು ಅಲುಗುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಡಾಕ್ಟರ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ನೆರುಳಿನಲ್ಲಿ, ಮಗಳ ಮನೆಯಲ್ಲಿ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಓದಿ ಬೆಳೆದ ಹುಡುಗಿ, ಈಗ ನವಿ ಮುಂಬಯಿಯವಳು. ಅಳಿಯ ನನಗೊಂದು ಕೈಗಡಿಯಾರ ಕೊಟ್ಟಿದ್ದರು, ಹೆಜ್ಜೆ ಎಣಿಸುವಂಥದ್ದು. ದಿನಕ್ಕೆ 10 ಸಾವಿರ ಹೆಜ್ಜೆ ಎಂಬುದು 1965ರ ಸುಮಾರಿಗೆ ಜಪಾನಿನ ಗಡಿಯಾರದ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕಿಟ್ಟ ಹೆಸರಿನಿಂದ ಹರಡಿದ ಅಂಕಿ, ಶಾಸ್ತ್ರವಾಕ್ಯವೇನಲ್ಲ. ಆದರೂ ನನ್ನದು ರಾತ್ರಿಯ ಹೊತ್ತಿಗೆ 5,200ರ ಮೇಲೆ ಹೋಗದಿರುವುದು ಬೇಸರವೇ. ಬೆಳಗಿನ ನಡಿಗೆಯಲ್ಲಿ 4,700. ಅಂದರೆ ಉಳಿದ ದಿನವೆಲ್ಲ ಸೇರಿ 500.

"ಅಪ್ಪ, ಇದನ್ನು ಒಂದು ವಾರ ಅಮ್ಮನ ಕೈಗೆ ಕಟ್ಟಿ ನೋಡೋಣ" ಎಂದಳು ಮಗಳು. ಕಟ್ಟಿದೆವು. ಡೊಂಬಿವಲಿಗೆ ಮರಳಿದ ಮೊದಲ ದಿನವೇ, ಬೂಟನ್ನೇ ಕಂಡರಿಯದ, ವ್ಯಾಯಾಮ ಎಂಬ ಶಬ್ದವನ್ನು ತನ್ನ ಬಗ್ಗೆ ಎಂದೂ ಬಳಸದ ನನ್ನ ಹೆಂಡತಿಯ ಕೈಯಲ್ಲಿ ಅದು 8,400 ತೋರಿಸಿತು.

ನಮ್ಮದು ಹಳೆಯ ಕಟ್ಟಡ. ಮೂರನೇ ಮಹಡಿ, ಲಿಫ್ಟ್ ಇಲ್ಲ, 54 ಮೆಟ್ಟಿಲು. ಅವಳು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾಳೆ ಎಂದು ಮರುದಿನ ಕೂತು ಎಣಿಸಿದೆ. ಕೂತು ಎಣಿಸಿದೆ ಎಂಬುದನ್ನು ಓದುಗರು ಗಮನಿಸಬೇಕು. ಹಾಲಿಗೊಮ್ಮೆ, ಕೊತ್ತಂಬರಿ ಸೊಪ್ಪಿಗೊಮ್ಮೆ, ನನ್ನ ಬಾಳೆಹಣ್ಣಿಗೊಮ್ಮೆ, ಇಸ್ತ್ರಿಯವನಿಗೆ ಬಟ್ಟೆ ಕೊಡಲೊಮ್ಮೆ, ನನ್ನದೇ ಮಾತ್ರೆಗೊಮ್ಮೆ, ಸಂಜೆ ಗಣೇಶ ಮಂದಿರಕ್ಕೊಮ್ಮೆ. ಆರು ಸಲ, 324 ಮೆಟ್ಟಿಲು. ಲಂಡನ್ನಿನ ಅರ್ಧ ಕಂಡಕ್ಟರ್.

ಈ ಆರರಲ್ಲಿ ನಾಲ್ಕು, ನಾನು ಕೆಲಸಕ್ಕೆ ಹೋಗುತ್ತಿದ್ದಾಗ ನನ್ನವಾಗಿದ್ದವು. ಸ್ಟೇಷನ್ನಿನಿಂದ ಬರುವಾಗ ತರಕಾರಿ, ಹಣ್ಣು, ಔಷಧ, ಇಸ್ತ್ರಿ ಬಟ್ಟೆ ನನ್ನ ಕೈಚೀಲದಲ್ಲೇ ಮೆಟ್ಟಿಲು ಹತ್ತುತ್ತಿದ್ದವು. ನಿವೃತ್ತನಾದ ಮೇಲೆ ಒಂದೊಂದೇ ಅವಳ ಕೈಗೆ ಹೋದವು. "ಬೆಳಗ್ಗೆ ಅಷ್ಟು ನಡೆದು ಬಂದಿದ್ದೇನೆ, ಈಗ ಮತ್ತೆ ಇಳಿಯಬೇಕಾ?" ಎನ್ನುತ್ತಿದ್ದೆ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ನನ್ನ ಮೊಳಕೆಕಾಳು, ನನ್ನ ಬಾದಾಮಿ ಸಿಪ್ಪೆ ಸುಲಿಯುವುದು, ಬೆವರಿದ ಅಂಗಿಯ ಹೆಚ್ಚುವರಿ ಒಗೆತ, ಇದಕ್ಕಾಗಿ ಅವಳು ಏಳುವ ಹೊತ್ತು ಅರ್ಧ ಗಂಟೆ ಹಿಂದಕ್ಕೆ ಸರಿದಿತ್ತು. ಅಮೆರಿಕದ ಜೇಮ್ಸ್ ಲೆವಿನ್ 1999ರಲ್ಲಿ 16 ಜನರಿಗೆ ಎಂಟು ವಾರ ದಿನಾ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದಾಗ ಕೆಲವರಿಗೆ ಅರ್ಧ ಕಿಲೊ ಕೊಬ್ಬೂ ಸೇರಲಿಲ್ಲ, ಕೆಲವರಿಗೆ ನಾಲ್ಕು ಕಿಲೊ ಮೀರಿ ಸೇರಿತು. ವ್ಯತ್ಯಾಸ ಇದ್ದದ್ದು ಹೆಸರಿಲ್ಲದ ಅಲುಗಾಟದಲ್ಲಿ: ನಿಲ್ಲುವುದು, ಏಳುವುದು, ಒಳಗೆ ಹೊರಗೆ ಓಡಾಡುವುದು. ನಮ್ಮ ಮನೆಯ ಆ ಹೆಸರಿಲ್ಲದ ಅಲುಗಾಟವನ್ನೆಲ್ಲ ನಾನು ಅವಳಿಗೆ ವರ್ಗಾಯಿಸಿ, ಹೆಸರಿರುವ 45 ನಿಮಿಷವನ್ನು ಇಟ್ಟುಕೊಂಡಿದ್ದೆ.

ಮಗಳ ಒತ್ತಾಯಕ್ಕೆ ಅವಳೂ ಯಂತ್ರದ ಮೇಲೆ ನಿಂತಳು. ನನ್ನ ನಿವೃತ್ತಿಯ ಸಮಯಕ್ಕೆ 58 ಇದ್ದವಳು 55ಕ್ಕೆ ಇಳಿದಿದ್ದಳು. ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿಸಿದೆವು, ಏನೂ ಇರಲಿಲ್ಲ. ಇಳಿಸಲು ಅವಳಲ್ಲಿ ತೂಕವೂ ಹೆಚ್ಚಿರಲಿಲ್ಲ. ಎಡಮೊಣಕಾಲು ನೋಯುತ್ತಿದೆ ಎಂಬುದು ಅಂದೇ ನನಗೆ ಗೊತ್ತಾದದ್ದು.

"ಹೇಳಬಾರದಿತ್ತಾ?" ಎಂದೆ.

"ಹೇಳಿದ್ದೆ. ನೀವು ಕೈಕಾಲು ಬೀಸ್ತಾ ಇದ್ರಿ" ಎಂದಳು.

ಆ ವಾರ ಮುಗಿದ ಮೇಲೆ ಗಡಿಯಾರವನ್ನು ಅಳಿಯನಿಗೇ ವಾಪಸು ಕೊಟ್ಟೆ. ಬೆಳಗಿನ ನಡಿಗೆ ಬಿಟ್ಟಿಲ್ಲ. ಕಟ್ಟಾದ ಚಹಾವನ್ನೂ ಬಿಟ್ಟಿಲ್ಲ, ಸಕ್ಕರೆ ಬಿಟ್ಟಿದ್ದೇನೆ. ಹಾಲು, ತರಕಾರಿ, ಔಷಧ, ಇಸ್ತ್ರಿ ನನ್ನವು. ಮೊದಮೊದಲು ಒಂದೇ ಸಲ ಇಳಿದು ನಾಲ್ಕೂ ಕೆಲಸ ಮುಗಿಸುವ ಬ್ಯಾಂಕಿನವನ ಜಾಣತನ ತೋರಿಸಿದೆ, ಈಗ ಬೇರೆ ಬೇರೆಯಾಗಿಯೇ ಇಳಿಯುತ್ತೇನೆ. ಬಾದಾಮಿಯ ಸಿಪ್ಪೆ ನಾನೇ ಸುಲಿಯುತ್ತೇನೆ, ಹಾಗಾಗಿ ಹತ್ತರ ಜಾಗದಲ್ಲಿ ನಾಲ್ಕೇ ಸಾಕೆನಿಸಿದೆ.

ತೂಕ ನೋಡುವುದು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಇಬ್ಬರದೂ. ಮೊನ್ನೆಯ ಭಾನುವಾರ ನನ್ನದು 74 ಮುಕ್ಕಾಲು, ಅವಳದು 56. ಹಿಂದಿನ ದಿನ ಸಂಜೆ ಇಬ್ಬರೂ ಫಡ್ಕೆ ರೋಡಿಗೆ ಹೋಗಿ ಒಂದೊಂದು ಬಟಾಟೆವಡೆ ತಿಂದಿದ್ದೆವು, ಹಸಿವಾಗಿತ್ತು.